ಬೀಜ ಕೊಟ್ಟವನು ಅಪ್ಪನೋ, ಬರೀ ದಾನಿಯೋ?

ಈ ವಾರ ಗಾಂಧಿನಗರದ ಗುಸುಗುಸು ಇಲ್ಲ. ಯಾವ ನಾಯಕ ಯಾವ ನಾಯಕಿಯ ಜತೆ ಎಲ್ಲಿ ಕಾಫಿ ಕುಡಿದ ಅನ್ನೋದನ್ನ ಮುಂದಿನ ವಾರಕ್ಕೆ ಇಟ್ಟುಕೊಳ್ಳೋಣ. ಕಾರಣ ಒಂದು ಪತ್ರ. ದಾವಣಗೆರೆ ಕಡೆಯ ಓದುಗ ಮಿತ್ರನದ್ದು. ಮೊದಲ ಪುಟದ ತುಂಬ ನಮ್ಮ ನಡುಪುಟದ ಬಣ್ಣದ ಚಿತ್ರ ಮಸಿ ಮೆತ್ತಿಕೊಂಡು ಬಂದಿತ್ತು ಅಂತ ಬೈಗುಳ. (ಬೈದದ್ದು ನ್ಯಾಯವೇ!) ನಿಜವಾದ ವಿಷಯ ಇದ್ದದ್ದು ಎರಡನೇ ಪುಟದಲ್ಲಿ.

ಅವನಿಗೆ ಇಪ್ಪತ್ನಾಲ್ಕು ವರ್ಷ, ಮದುವೆ ಆಗಿಲ್ಲ. ಅವನು 'ಅಣ್ಣ' ಅಂತ ಕರೆಯೋ ಗೆಳೆಯನಿಗೆ ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಿಲ್ಲ. ಕೊರತೆ ತನ್ನಲ್ಲೇ ಅಂತ ಆ ಅಣ್ಣನಿಗೆ ಡಾಕ್ಟರು ಹೇಳಿಯಾಗಿದೆ. ಊರು ಮಾತ್ರ ಅತ್ತಿಗೆಯನ್ನು ಆಡಿಕೊಳ್ಳುತ್ತೆ. ಗೊತ್ತಿಲ್ಲದವನ ವೀರ್ಯ ಬೇಡ, ನೀನೇ ಕೊಡು ಅಂತ ಇಬ್ಬರೂ ಕೂತು ಕೇಳಿದರಂತೆ. ಆಸ್ಪತ್ರೆ ಗೋಜಿಲ್ಲ, ಮನೆಯಲ್ಲೇ ಸಿರಿಂಜಿನಲ್ಲಿ ಮಾಡಿಕೊಳ್ತಾರಂತೆ. ಸ್ಟಾಂಪ್ ಪೇಪರ್ ಮೇಲೆ ಕರಾರು ಟೈಪಾಗಿ ಬಂದಿದೆ. ಮಗುವಿನ ಮೇಲೆ ಇವನಿಗೆ ಹಕ್ಕಿಲ್ಲ, ಅವರು ಇವನ ಹತ್ತಿರ ಒಂದು ಪೈಸೆ ಕೇಳೋದಿಲ್ಲ. "ಅಣ್ಣಾ, ಸೈನ್ ಹಾಕಲಾ?" ಅಂತ ನನ್ನನ್ನು ಕೇಳಿದ್ದಾನೆ.

ನನ್ನನ್ನೇ ಕೇಳಬೇಕಾ ಗುರುವೇ? ಪಿಯುಸಿ ಅರ್ಧಕ್ಕೆ ಬಿಟ್ಟವನು ನಾನು. ಕಾನೂನು ಕಲಿತದ್ದೆಲ್ಲ ಸಿನಿಮಾದ ಕೋರ್ಟ್ ಸೀನುಗಳಲ್ಲಿ. ಆದರೂ ಪತ್ರವನ್ನು ಮಡಚಿ ಜೇಬಿಗೆ ಹಾಕ್ಕೊಂಡ ಮೇಲೆ ನಿದ್ದೆ ಹತ್ತಲಿಲ್ಲ. ಸಿಕ್ಕಿದ್ದೆಲ್ಲ ಓದಿದೆ, ಪರಿಚಯದ ವಕೀಲರೊಬ್ಬರಿಗೆ ಮೂರು ಸಲ ಟೀ ಕುಡಿಸಿದೆ. ಹಾಗೆ ಹುಡುಕುವಾಗ ಎದುರಾದವನು ನಮ್ಮವನೇ, ಸಿನಿಮಾದವನೇ!

ಜೇಸನ್ ಪ್ಯಾಟ್ರಿಕ್ ಅಂದ್ರೆ ಥಟ್ಟನೆ ಹೊಳೆಯೋದಿಲ್ಲ. 1997ರ 'ಸ್ಪೀಡ್ 2' ನೆನಪಿದೆಯಾ? ಕೀಯನು ರೀವ್ಸ್ ಒಲ್ಲೆ ಅಂದ ಮೇಲೆ ಸಾಂಡ್ರಾ ಬುಲಕ್ ಜತೆ ಹಡಗು ಹತ್ತಿದವನು. 'ದಿ ಲಾಸ್ಟ್ ಬಾಯ್ಸ್'ನ ನಾಯಕನೂ ಅವನೇ. ಅವನ ಅಪ್ಪ ಜೇಸನ್ ಮಿಲ್ಲರ್, 'ಎಕ್ಸಾರ್ಸಿಸ್ಟ್'ನಲ್ಲಿ ಫಾದರ್ ಕರಾಸ್ ಆಗಿದ್ದವನು. ತೆರೆ ಮೇಲೆ 'ಫಾದರ್' ಆದವನ ಮಗ ತಾನು ಫಾದರ್ ಅನ್ನಿಸಿಕೊಳ್ಳೋಕೆ ವರ್ಷಗಟ್ಟಲೆ ಕೋರ್ಟು ಅಲೆದ.

ಪ್ಯಾಟ್ರಿಕ್‌ಗೂ ಒಬ್ಬ ಗೆಳತಿಗೂ ಬಹಳ ಕಾಲದ ಪ್ರೀತಿ. ಒಮ್ಮೆ ಕೂಡೋದು, ಒಮ್ಮೆ ದೂರವಾಗೋದು. ಆಕೆಗೆ ಮಗು ಬೇಕಿತ್ತು. ನಾನು ಅಪ್ಪನಾಗೋಕೆ ಇನ್ನೂ ತಯಾರಿಲ್ಲ, ಬೇಕಾದರೆ ನನ್ನ ವೀರ್ಯ ಬಳಸಿಕೋ, ಯಾರಿಗೂ ಹೇಳಬೇಡ ಅನ್ನೋ ಅರ್ಥದ ಪತ್ರವನ್ನು ಅವನೇ ಬರೆದುಕೊಟ್ಟ. ಆಸ್ಪತ್ರೆಯ ಮೂಲಕ ಗರ್ಭ ನಿಂತು 2009ರ ಡಿಸೆಂಬರ್‌ನಲ್ಲಿ ಗಂಡುಮಗು ಹುಟ್ಟಿತು. ಮಗುವಿನ ಮುಖ ನೋಡಿದ ಮೇಲೆ 'ತಯಾರಿಲ್ಲ' ಅಂದ ಮನುಷ್ಯ ಕರಗಿ ಹೋದ. ಬಂದುಹೋಗಿ ಮಾಡಿದ, ಎತ್ತಿ ಆಡಿಸಿದ. ಮಗು ಅವನನ್ನು 'ಡಾಡಾ' ಅಂತ ಕರೆಯಿತು. 2012ರಲ್ಲಿ ಪ್ರೀತಿ ಪೂರ್ತಿ ಮುರಿದುಬಿತ್ತು. ನೀನು ಬರೀ ದಾನಿ, ಅಪ್ಪ ಅಲ್ಲ ಅಂತ ಆಕೆ ಬಾಗಿಲು ಹಾಕಿಕೊಂಡಳು.

ಕ್ಯಾಲಿಫೋರ್ನಿಯಾದ ಕಾನೂನು ಆಗ ಹೇಳುತ್ತಿದ್ದದ್ದು ಇಷ್ಟು: ಡಾಕ್ಟರ ಮೂಲಕವೋ ಬ್ಯಾಂಕಿನ ಮೂಲಕವೋ ಹೆಂಡತಿಯಲ್ಲದವಳಿಗೆ ವೀರ್ಯ ಕೊಟ್ಟರೆ ಅವನು ತಂದೆಯಲ್ಲ. ತಂದೆ ಅನ್ನಿಸಿಕೊಳ್ಳಬೇಕಾದರೆ ಗರ್ಭ ನಿಲ್ಲೋ ಮುಂಚೆ ಇಬ್ಬರೂ ಬರೆದ ಕರಾರು ಇರಬೇಕು. ಅಂಥ ಕರಾರು ಇಲ್ಲ ಅಂತ 2013ರಲ್ಲಿ ಪ್ಯಾಟ್ರಿಕ್ ಸೋತ. 2014ರ ಮೇನಲ್ಲಿ ಮೇಲ್ಮನವಿ ನ್ಯಾಯಾಲಯ ತಿರುಗಿಸಿ ಹಾಕಿತು. ವೀರ್ಯ ಕೊಟ್ಟ ಕಾರಣಕ್ಕೆ ಅಪ್ಪನಲ್ಲ, ಸರಿ. ಆದರೆ ಹುಟ್ಟಿದ ಮೇಲೆ ಮಗುವನ್ನು ಮನೆಗೆ ಕರೆದು ನನ್ನ ಮಗ ಅಂತ ನಡೆದುಕೊಂಡಿದ್ದರೆ, ಆ ದಾರಿಯಲ್ಲಿ ಅಪ್ಪನಾಗಬಹುದು ಅಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವನನ್ನು ತಂದೆ ಅಂತ ಒಪ್ಪಿಕೊಂಡರು. ಕೇಸು ಮತ್ತೆ ಮೇಲಕ್ಕೆ ಹೋಗಿ 2017ರಲ್ಲಿ ಅದೇ ತೀರ್ಪು ನಿಂತಿತು. ಅಷ್ಟು ಹೊತ್ತಿಗೆ ಮಗುವಿಗೆ ಏಳು ವರ್ಷ ತುಂಬಿತ್ತು.

ಇದರ ತದ್ವಿರುದ್ಧ ಕಥೆ ಅದೇ ದೇಶದ ಕಾನ್ಸಾಸ್ ರಾಜ್ಯದ ಟೊಪೀಕಾ ಊರಿನದು. ಒಟ್ಟಿಗೆ ಸಂಸಾರ ಮಾಡುತ್ತಿದ್ದ ಇಬ್ಬರು ಹೆಂಗಸರು ವೀರ್ಯದಾನಿ ಬೇಕು ಅಂತ ಜಾಹೀರಾತು ಹಾಕಿದ್ದರು. 2009ರಲ್ಲಿ ಒಬ್ಬ ಮೆಕ್ಯಾನಿಕ್ ಹೋಗಿ ಕೊಟ್ಟ. ಅವರು ಕೊಡೋಕೆ ಬಂದ ಐವತ್ತು ಡಾಲರನ್ನೂ ಬೇಡ ಅಂದ ಪುಣ್ಯಾತ್ಮ. ಹಕ್ಕೂ ಇಲ್ಲ, ಹೊಣೆಯೂ ಇಲ್ಲ ಅಂತ ಮೂವರೂ ಕರಾರಿಗೆ ಸೈನ್ ಹಾಕಿದರು. ಮನೆಯಲ್ಲೇ, ಸಿರಿಂಜಿನಲ್ಲೇ ಕೆಲಸ ನಡೆಯಿತು. ನಮ್ಮ ದಾವಣಗೆರೆ ಮಿತ್ರನ ಸ್ಕ್ರಿಪ್ಟೇ ಇದು!

ಆಮೇಲೆ ಆ ಇಬ್ಬರು ಬೇರೆಯಾದರು. ಹೆತ್ತವಳು ಸರ್ಕಾರದ ನೆರವು ಕೇಳಿದಳು. ಸರ್ಕಾರ ದಾನಿಯ ಹೆಸರು ಹೇಳು ಅಂತು. 2012ರಲ್ಲಿ ಮೆಕ್ಯಾನಿಕ್‌ನ ಮನೆಗೆ ಕೋರ್ಟಿನ ಕಾಗದ: ಮಗುವಿಗೆ ಕೊಟ್ಟ ಸುಮಾರು ಆರು ಸಾವಿರ ಡಾಲರ್ ವಾಪಸ್ ಕೊಡು, ಮುಂದಿನ ಖರ್ಚೂ ನಿನ್ನದೇ. ಕರಾರು ತೋರಿಸಿದ. ನಡೆಯಲಿಲ್ಲ. ಡಾಕ್ಟರ ಮೂಲಕ ಕೊಟ್ಟಿದ್ದರೆ ಮಾತ್ರ ನೀನು ದಾನಿ, ಇಲ್ಲದಿದ್ದರೆ ಅಪ್ಪ ಅಂತ 2014ರ ಜನವರಿಯಲ್ಲಿ ನ್ಯಾಯಾಧೀಶರು ಹೇಳಿದರು. ಖರ್ಚು ಕೊಡಬೇಕಿಲ್ಲ ಅಂತ ಇನ್ನೊಂದು ತೀರ್ಪು ಬಂದದ್ದು 2016ರ ನವೆಂಬರ್‌ನಲ್ಲಿ. ನಾಲ್ಕು ವರ್ಷ ಆ ಕಾಗದವನ್ನು ಅವನು ಎಷ್ಟು ಸಲ ಬಿಚ್ಚಿ ಓದಿದ್ದನೋ!

ಅಪ್ಪನಾಗಬೇಕು ಅಂದವನಿಗೆ ಮೊದಲು ಆಗೋದಿಲ್ಲ ಅಂದರು, ಆಗೋದಿಲ್ಲ ಅಂದವನನ್ನು ಆಗು ಅಂದರು. ಆಸ್ಟ್ರೇಲಿಯಾದಲ್ಲೂ 2019ರ ಜೂನ್‌ನಲ್ಲಿ ಅಲ್ಲಿನ ಹೈಕೋರ್ಟು, ಅದೇ ಆ ದೇಶಕ್ಕೆ ಕೊನೆಯ ಕೋರ್ಟು, ಗೆಳತಿಗೆ ವೀರ್ಯ ಕೊಟ್ಟು ಮಗುವಿನ ಬದುಕಿನಲ್ಲಿ ಅಪ್ಪನಾಗೇ ಇದ್ದವನನ್ನು ತಂದೆ ಅಂತ ಎತ್ತಿಹಿಡಿಯಿತು. ಕಾಗದದಲ್ಲಿ ಏನಿದೆ ಅನ್ನೋದಕ್ಕಿಂತ ಎಲ್ಲಿ, ಹೇಗೆ ಕೊಟ್ಟೆ, ಆಮೇಲೆ ಹೇಗೆ ನಡೆದುಕೊಂಡೆ ಅನ್ನೋದನ್ನೇ ಕೋರ್ಟುಗಳು ನೋಡಿವೆ.

ನಮ್ಮ ದೇಶಕ್ಕೆ ಬನ್ನಿ. 2012ರ 'ವಿಕ್ಕಿ ಡೋನರ್' ನೋಡಿ ನಕ್ಕವರೇ ನಾವೆಲ್ಲ. ಆಯುಷ್ಮಾನ್ ಖುರಾನಾಗೆ ಕೊನೆಯಲ್ಲಿ ಐವತ್ಮೂರು ಮಕ್ಕಳು! ಈಗ ಅದು ನಡೆಯೋದಿಲ್ಲ. 2021ರಲ್ಲಿ ಸಂಸತ್ತು ಮಾಡಿದ ಕಾಯ್ದೆ 2022ರ ಜನವರಿಯಿಂದ ಜಾರಿಯಲ್ಲಿದೆ. ದಾನ ಆಗಬೇಕಾದ್ದು ನೋಂದಾಯಿತ ಬ್ಯಾಂಕಿನಲ್ಲಿ. ದಾನಿಗೆ 21ರಿಂದ 55ರ ಒಳಗಿನ ವಯಸ್ಸು. ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್ ಪರೀಕ್ಷೆ ಕಡ್ಡಾಯ. ಒಬ್ಬ ದಾನಿಯದ್ದು ಒಂದೇ ದಂಪತಿಗೆ. ಮಗು ಆ ದಂಪತಿಯದ್ದೇ, ದಾನಿಗೆ ಯಾವ ಹಕ್ಕೂ ಇಲ್ಲ ಅಂತ ಕಾಯ್ದೆಯೇ ಹೇಳುತ್ತೆ. ಗೆಳೆಯನ ಕೈಯಿಂದ ಗೆಳೆಯನ ಕೈಗೆ ಅನ್ನೋ ದಾರಿ ಅದರಲ್ಲಿ ಇಲ್ಲ. ಕಾನೂನು ಒಪ್ಪದ ವ್ಯವಹಾರಕ್ಕೆ ಎಷ್ಟು ರೂಪಾಯಿ ಸ್ಟಾಂಪ್ ಹಚ್ಚಿದರೂ ಅದು ಟೈಪಾದ ಹಾಳೆ ಅಷ್ಟೇ ಅಂತ ವಕೀಲರು ಮೂರನೇ ಟೀ ಮುಗಿಸಿ ಅಂದರು.

ಕರಾರಿನ ಮಾತು ಬಂದಾಗ ನನಗೆ ಅಣ್ಣಾವ್ರ 'ಬಭ್ರುವಾಹನ' ನೆನಪಾಯಿತು. 1977ರ ಚಿತ್ರ, ಅಪ್ಪನೂ ಅವರೇ, ಮಗನೂ ಅವರೇ. ಮಗ ಅಂತ ಒಪ್ಪದ ಅಪ್ಪನ ಮುಂದೆ ಆ ಮಗ ಉರಿದು ನಿಲ್ಲೋ ದೃಶ್ಯಕ್ಕೆ ಇವತ್ತೂ ಟೆಂಟಿನಲ್ಲಿ ಶಿಳ್ಳೆ ಬೀಳುತ್ತೆ. ವ್ಯಾಸರ ಆದಿಪರ್ವದಲ್ಲಿ ಅದಕ್ಕೆ ಮೊದಲೊಂದು ಕರಾರಿದೆ. ಚಿತ್ರಾಂಗದೆಯ ತಂದೆ ಚಿತ್ರವಾಹನನಿಗೆ ಗಂಡು ಸಂತಾನವಿಲ್ಲ. ಮಗಳನ್ನು ಕೊಡ್ತೀನಿ, ಹುಟ್ಟೋ ಮಗ ಮಾತ್ರ ನನ್ನ ವಂಶಕ್ಕೆ ಸೇರಬೇಕು ಅಂದ. ಅರ್ಜುನ ಹೂಂ ಅಂದ, ಮೂರು ವರ್ಷ ಇದ್ದ, ಹೊರಟ. ಕರಾರು ಮಾಡಿದವರು ಮಾವ, ಅಳಿಯ. ಮಗನನ್ನು ಯಾರೂ ಕೇಳಿರಲಿಲ್ಲ.

ಮಿತ್ರನಿಗೆ ಪತ್ರ ಬರೆದಿದ್ದೇನೆ. ಸೈನ್ ಹಾಕಬೇಡ. ನಿನ್ನ ಅಣ್ಣ ಅತ್ತಿಗೆಯನ್ನು ನೋಂದಾಯಿತ ಕ್ಲಿನಿಕ್ಕಿಗೆ ನೀನೇ ಕರಕೊಂಡು ಹೋಗು, ಬಸ್ ಚಾರ್ಜ್ ಬೇಕಾದರೆ ಹಾಕ್ಕೋ. ಕ್ಲಿನಿಕ್ಕಿನವರು ಕೊಡೋದು ಹೆಸರು ಗೊತ್ತಿಲ್ಲದವನದ್ದೇ, ಅದು ಅಣ್ಣನಿಗೆ ಕಹಿ ಅನ್ನಿಸಬಹುದು. ಆದರೆ ನೀನು ಕೊಟ್ಟರೆ ನಿನ್ನ ಮೂಗು, ನಿನ್ನ ನಗು ಹೊತ್ತ ಮಗುವೊಂದು ನಾಲ್ಕು ಬೀದಿ ಆಚೆ ಆಡ್ತಾ ಇರುತ್ತೆ. ಪ್ಯಾಟ್ರಿಕ್ ಹಾಗೆ ನಿನ್ನ ಮನಸ್ಸೂ ಕರಗಿದರೆ ಏನು ಮಾಡ್ತೀಯ ಅಂತ ಕೇಳಿದ್ದೇನೆ.

ಉತ್ತರ ಮೊನ್ನೆ ಬಂತು. ಸೈನ್ ಹಾಕಿಲ್ಲವಂತೆ. ಅಣ್ಣ ಎಂಟು ದಿನದಿಂದ ಮಾತಾಡ್ತಾ ಇಲ್ಲವಂತೆ. ಅತ್ತಿಗೆ ಮಾತ್ರ ಆ ಕ್ಲಿನಿಕ್ ಯಾವ ಊರಲ್ಲಿದೆ ಅಂತ ವಿಚಾರಿಸಿದರಂತೆ.