ನಿಸರ್ಗ ಶಿಕ್ಷಣ ಕಾರ್ಯಕ್ರಮಗಳು: ಬಳ್ಳಾರಿ, ಸಿರುಗುಪ್ಪ ಮತ್ತು ಕುರುಗೋಡು ಭಾಗದ ಸ್ಥಿತಿಗತಿ – ಒಂದು ವಿಶ್ಲೇಷಣೆ

ಪೀಠಿಕೆ

ಅರಣ್ಯ, ಕೆರೆ, ನದಿ ಮತ್ತು ವನ್ಯಜೀವಿಗಳನ್ನೊಳಗೊಂಡ ನೈಸರ್ಗಿಕ ಪರಿಸರವನ್ನು ಸಂರಕ್ಷಿಸುವುದು ಹಾಗೂ ಜೀವಿಗಳ ಬಗ್ಗೆ ದಯೆ ತೋರುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51-ಎ (ಜಿ) ಅನುಚ್ಛೇದವು ಸಾರುತ್ತದೆ. ಶಿಕ್ಷಣದ ಎಲ್ಲ ಹಂತಗಳಲ್ಲಿಯೂ ಪರಿಸರ ವಿಷಯವನ್ನು ಬೋಧಿಸಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲಿ ನಿರ್ದೇಶನ ನೀಡಿತು. ಕೇಂದ್ರ ಪರಿಸರ ಮತ್ತು ಅರಣ್ಯ ಸಚಿವಾಲಯವು 2001-02ರಲ್ಲಿ ರಾಷ್ಟ್ರೀಯ ಹಸಿರು ಪಡೆ ಯೋಜನೆಯನ್ನು ಜಾರಿಗೆ ತಂದು, ಶಾಲೆಗಳಲ್ಲಿ ಇಕೋ ಕ್ಲಬ್‌ಗಳ ರಚನೆಗೆ ಚಾಲನೆ ನೀಡಿತು. ರಾಜ್ಯದ ಅರಣ್ಯ ಇಲಾಖೆಯು ಚಿಣ್ಣರ ವನದರ್ಶನದಂತಹ ಕಾರ್ಯಕ್ರಮಗಳ ಮೂಲಕ ಶಾಲಾ ಮಕ್ಕಳಿಗೆ ಅರಣ್ಯದ ಪರಿಚಯ ಮಾಡಿಸುತ್ತಿದೆ.

ಇಂತಹ ಕಾರ್ಯಕ್ರಮಗಳು ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ಭಾಗದಲ್ಲಿ ಯಾವ ಸ್ವರೂಪದಲ್ಲಿರಬೇಕು, ಅವುಗಳಿಂದ ಯಾರಿಗೆ ಪ್ರಯೋಜನವಾಗಬೇಕು ಮತ್ತು ನಾಗರಿಕರು ಭಾಗವಹಿಸಲು ಯಾವ ಕ್ರಮ ಅನುಸರಿಸಬೇಕು ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಲೇಖನದಲ್ಲಿ ವಿವರಿಸಲಾಗಿದೆ.

ಕರಾವಳಿಯ ಮಾದರಿ ಮತ್ತು ಬಯಲುಸೀಮೆಯ ವಾಸ್ತವ

ನಿಸರ್ಗ ಶಿಕ್ಷಣವೆಂದೊಡನೆ ಕರಾವಳಿ ಮತ್ತು ಮಲೆನಾಡಿನ ಉದಾಹರಣೆಗಳೇ ಮೊದಲು ನೆನಪಿಗೆ ಬರುವುದು ಸಹಜ. ಹೊನ್ನಾವರದ ಬಳಿ ಶರಾವತಿ ಅಳಿವೆಯ ಕಾಂಡ್ಲಾ ವನದಲ್ಲಿ ನಿರ್ಮಿಸಿರುವ ಹಲಗೆಯ ನಡಿಗೆ ಹಾದಿಯ ಮೇಲೆ ನಿಂತು, ಕೆಸರನ್ನು ತುಳಿಯದೆ, ಬೇರುಗಳಿಗೆ ಹಾನಿ ಮಾಡದೆ, ಅಳಿವೆಯ ಜೀವಿಗಳನ್ನು ವೀಕ್ಷಿಸಬಹುದಾಗಿದೆ. ಕುಮಟಾ ಭಾಗದ ಅಘನಾಶಿನಿ ಅಳಿವೆಯು 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣವೆಂದು ಘೋಷಿತವಾಯಿತು. ಅದೇ ಸಂದರ್ಭದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೂ, ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲಿಗೂ ಈ ಮಾನ್ಯತೆ ದೊರೆಯಿತು. ಕಡಲಿನ ಅಳಿವೆಗೂ ಬಯಲುಸೀಮೆಯ ಕೆರೆಗೂ ಒಂದೇ ದರ್ಜೆಯ ಮಾನ್ಯತೆ ಲಭಿಸಿರುವುದು ಗಮನಾರ್ಹ.

ಬಳ್ಳಾರಿಗೂ ಕಡಲಿಗೂ ಇರುವ ನಂಟು ನದಿಯ ಮೂಲಕವೇ ಆಗಿದೆ. ಚಿತ್ರದುರ್ಗ ಜಿಲ್ಲೆಯ ಕಡೆಯಿಂದ ಹರಿದು ಬರುವ ವೇದಾವತಿ, ಅಂದರೆ ಹಗರಿ ನದಿಯು ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ತುಂಗಭದ್ರೆಯು ಮುಂದೆ ಕರ್ನೂಲು ಸೀಮೆಯ ಸಂಗಮೇಶ್ವರದಲ್ಲಿ ಕೃಷ್ಣೆಯೊಡನೆ ಕೂಡಿ, ಆಂಧ್ರಪ್ರದೇಶದ ಕೃಷ್ಣಾ ವನ್ಯಜೀವಿಧಾಮದ ಕಾಂಡ್ಲಾ ವನಗಳ ಬಳಿ ಬಂಗಾಳಕೊಲ್ಲಿಗೆ ಸೇರುತ್ತದೆ. ಸಿರುಗುಪ್ಪದ ಭತ್ತದ ಗದ್ದೆಯಿಂದ ಹೊರಬೀಳುವ ನೀರಿನಲ್ಲಿ ಏನಿರುತ್ತದೆಯೋ ಅದರ ಒಂದಂಶ ಅಳಿವೆಯನ್ನೂ ತಲುಪುತ್ತದೆ. ಆದುದರಿಂದ ಕಡಲ ತೀರದ ಸಂರಕ್ಷಣೆಯ ಪಾಠವನ್ನು ನದಿಯ ಮೇಲ್ಭಾಗದಲ್ಲಿರುವವರೂ ಕಲಿಯಬೇಕಾಗಿದೆ.

ಈ ಭಾಗದ ನಿಸರ್ಗ ತಾಣಗಳು

1. ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು: ಕೊಪ್ಪಳ ಜಿಲ್ಲೆಯ ಮುದ್ಲಾಪುರದಿಂದ ಬಳ್ಳಾರಿ ಜಿಲ್ಲೆಯ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ಉದ್ದದ ನದೀಪಾತ್ರವನ್ನು 2015ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ನೀರುನಾಯಿಗಳಲ್ಲದೆ ಮೊಸಳೆ, ಆಮೆ ಮತ್ತು ಹಲವು ಜಾತಿಯ ಮೀನುಗಳಿಗೆ ಈ ಬಂಡೆಗಲ್ಲುಗಳ ನದೀಪಾತ್ರವು ಆಶ್ರಯವಾಗಿದೆ.

2. ದರೋಜಿ ಕರಡಿಧಾಮ: 1994ರಲ್ಲಿ ಸ್ಥಾಪಿತವಾದ ಈ ಧಾಮವು ಕರಡಿಗಳಿಗಾಗಿಯೇ ಮೀಸಲಾಗಿದೆ. ಕುರುಗೋಡು ಪಟ್ಟಣದ ಸುತ್ತಲೂ ಕಾಣುವಂತಹ ಹೆಬ್ಬಂಡೆಗಳ ಗುಡ್ಡಸಾಲು ಹಾಗೂ ಕುರುಚಲು ಕಾಡು ಇದರ ವೈಶಿಷ್ಟ್ಯವಾಗಿದೆ. ವೀಕ್ಷಣಾ ಗೋಪುರದಿಂದ ದೂರದಲ್ಲಿಯೇ ನಿಂತು ಕರಡಿಗಳನ್ನು ನೋಡುವ ವ್ಯವಸ್ಥೆ ಇಲ್ಲಿದೆ.

3. ಅಟಲ್ ಬಿಹಾರಿ ವಾಜಪೇಯಿ ಜೈವಿಕ ಉದ್ಯಾನ, ಕಮಲಾಪುರ: 2017ರಲ್ಲಿ ಆರಂಭವಾದ ಈ ಉದ್ಯಾನವು ವಿಜಯನಗರ ಜಿಲ್ಲೆಯಲ್ಲಿದ್ದು, ಬಳ್ಳಾರಿ ನಗರದ ಶಾಲೆಗಳ ಒಂದು ದಿನದ ಪ್ರವಾಸಕ್ಕೆ ಅನುಕೂಲಕರವಾಗಿದೆ.

4. ಸಿರುಗುಪ್ಪದ ಎರೆಭೂಮಿ: ಕಾಲುವೆ ನೀರಿಲ್ಲದ, ಮಳೆಯನ್ನೇ ನೆಚ್ಚಿದ ಕಪ್ಪು ಮಣ್ಣಿನ ಹೊಲಗಳಲ್ಲಿ ಜೋಳ, ಕಡಲೆ, ಹತ್ತಿ ಬೆಳೆಯಲಾಗುತ್ತದೆ. ಅತ್ಯಂತ ವಿನಾಶದ ಅಂಚಿನಲ್ಲಿರುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಪಕ್ಷಿಯು, ಅಂದರೆ ನಮ್ಮ ಭಾಗದ ಜನರ ಎರೆಭೂತವು, ರಾಜ್ಯದಲ್ಲಿ ಕಾಣಸಿಗುವ ಕೊನೆಯ ನೆಲೆಗಳಲ್ಲಿ ಇದು ಮುಖ್ಯವಾದುದು.

ಮೊದಲ ಮೂರು ತಾಣಗಳಿಗೆ ಗಡಿ, ಹೆಸರು ಮತ್ತು ಅಧಿಕೃತ ಘೋಷಣೆ ಇವೆ. ನಾಲ್ಕನೆಯದು ಬಹುಪಾಲು ರೈತರ ಹೊಲವೇ ಆಗಿದೆ. ಪ್ರಸ್ತುತ ವಿಶ್ಲೇಷಣೆಯ ಮುಖ್ಯ ಪ್ರಶ್ನೆ ಇಲ್ಲಿಯೇ ಉದ್ಭವಿಸುತ್ತದೆ. ಬೇಲಿಯಿಲ್ಲದ, ದ್ವಾರವಿಲ್ಲದ, ಖಾಸಗಿ ಒಡೆತನದ ಭೂಮಿಯಲ್ಲಿ ಬದುಕುವ ಜೀವಿಯ ಬಗ್ಗೆ ಸಾರ್ವಜನಿಕರಿಗೆ ಶಿಕ್ಷಣ ನೀಡುವುದು ಹೇಗೆ?

ಎರೆಭೂತ: ಸಮಸ್ಯೆಯ ಸ್ವರೂಪ

ಎರೆಭೂತವು ಸುಮಾರು ಒಂದು ಮೀಟರ್ ಎತ್ತರದ ಪಕ್ಷಿ. ಹಾರಬಲ್ಲ ಪಕ್ಷಿಗಳಲ್ಲಿ ಅತಿ ಭಾರವಾದವುಗಳ ಪೈಕಿ ಇದೂ ಒಂದು. ಸಾಮಾನ್ಯವಾಗಿ ಒಂದು ಋತುವಿನಲ್ಲಿ ಒಂದೇ ಮೊಟ್ಟೆಯನ್ನು ಬಯಲು ನೆಲದ ಮೇಲೆ ಇಡುತ್ತದೆ. ಮರದ ಮೇಲಿನ ಗೂಡಿನ ರಕ್ಷಣೆ ಅದಕ್ಕಿಲ್ಲ. ನಾಯಿ, ನರಿ, ಜಾನುವಾರು ಮತ್ತು ಮನುಷ್ಯರ ಓಡಾಟದಿಂದ ಒಂದು ಮೊಟ್ಟೆ ನಷ್ಟವಾದಲ್ಲಿ ಇಡೀ ವರ್ಷದ ಸಂತಾನವೇ ನಷ್ಟವಾದಂತೆ. ಮುಂಭಾಗದ ದೃಷ್ಟಿ ಕಿರಿದಾದ ಕಾರಣ ವಿದ್ಯುತ್ ತಂತಿಗಳನ್ನು ಗುರುತಿಸಲಾಗದೆ ಡಿಕ್ಕಿ ಹೊಡೆದು ಸಾಯುವುದೂ ಉಂಟು. ಈ ವಿಷಯವು ಸುಪ್ರೀಂ ಕೋರ್ಟಿನ ಮುಂದೆ ಬಂದು, ರಾಜಸ್ಥಾನ ಮತ್ತು ಗುಜರಾತ್ ರಾಜ್ಯಗಳ ತಂತಿ ಮಾರ್ಗಗಳ ಕುರಿತು 2021ರಲ್ಲಿ ಆದೇಶವಾಯಿತು. 2024ರಲ್ಲಿ ಸದರಿ ಆದೇಶವನ್ನು ಮಾರ್ಪಡಿಸಿ ತಜ್ಞರ ಸಮಿತಿಯನ್ನು ನೇಮಿಸಲಾಯಿತು. ದೇಶದಲ್ಲಿ ಉಳಿದಿರುವ ಈ ಪಕ್ಷಿಗಳ ಸಂಖ್ಯೆ ಸುಮಾರು 150 ಎಂದು ಅಂದಾಜಿಸಲಾಗಿದ್ದು, ಬಹುಪಾಲು ರಾಜಸ್ಥಾನದಲ್ಲಿವೆ. ಸಿರುಗುಪ್ಪದಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು ಮಾತ್ರ.

ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಅನುಸೂಚಿ 1ರಲ್ಲಿ ಈ ಪಕ್ಷಿಯನ್ನು ಸೇರಿಸಲಾಗಿದೆ. ಇದನ್ನು ಬೇಟೆಯಾಡಿದವರಿಗೆ ಕನಿಷ್ಠ 3 ವರ್ಷಗಳಿಂದ 7 ವರ್ಷಗಳವರೆಗೆ ಸೆರೆವಾಸ ಹಾಗೂ 25,000 ರೂ.ಗಳಿಗೆ ಕಡಿಮೆಯಿಲ್ಲದ ದಂಡ ವಿಧಿಸಲು ಅವಕಾಶವಿದೆ. ಮೊಟ್ಟೆಯನ್ನು ತೆಗೆಯುವುದು ಅಥವಾ ಹಾಳುಮಾಡುವುದು ಸಹ ಕಾಯ್ದೆಯ ಪ್ರಕಾರ ಬೇಟೆಯೇ ಆಗುತ್ತದೆ.

ಹಿಂದಿನ ಅನುಭವಗಳು

ಕಾನೂನು ಮಾತ್ರ ಸಾಲದು ಎಂಬುದಕ್ಕೆ ಎರಡು ನಿದರ್ಶನಗಳಿವೆ.

ಮೊದಲನೆಯದು ಮಧ್ಯಪ್ರದೇಶದ ಕರೇರಾ ಅಭಯಾರಣ್ಯ. ಇದನ್ನು 1981ರಲ್ಲಿ ಇದೇ ಪಕ್ಷಿಗಾಗಿ ಘೋಷಿಸಲಾಯಿತು. ರೈತರ ಜಮೀನುಗಳೂ ಅದರ ವ್ಯಾಪ್ತಿಗೆ ಸೇರಿದ ಕಾರಣ ಭೂಮಿಯ ಮಾರಾಟಕ್ಕೆ ತೊಡಕುಂಟಾಗಿ, ಪಕ್ಷಿಯ ವಿಷಯದಲ್ಲಿ ಜನರ ಅಸಮಾಧಾನ ಬೆಳೆಯಿತು. 1990ರ ದಶಕದಲ್ಲಿ ಪಕ್ಷಿ ಅಲ್ಲಿಂದ ಕಣ್ಮರೆಯಾಯಿತು. ಕೊನೆಗೆ 2022ರಲ್ಲಿ ಅಭಯಾರಣ್ಯದ ಘೋಷಣೆಯನ್ನೇ ಹಿಂಪಡೆಯಲಾಯಿತು.

ಎರಡನೆಯದು ನಮ್ಮದೇ ರಾಜ್ಯದ ರಾಣೆಬೆನ್ನೂರು ಕೃಷ್ಣಮೃಗ ಧಾಮ. 1974ರಲ್ಲಿ ಘೋಷಿತವಾದ ಈ ಧಾಮದ ಬಯಲಿನಲ್ಲಿ ಆಗ ಎರೆಭೂತಗಳೂ ಇದ್ದವು. ಹುಲ್ಲುಗಾವಲನ್ನು ಪಾಳುಭೂಮಿಯೆಂದೇ ಎಣಿಸುತ್ತಿದ್ದ ಕಾಲದಲ್ಲಿ ಅಲ್ಲಿ ನೀಲಗಿರಿ ನೆಡುತೋಪುಗಳನ್ನು ಬೆಳೆಸಲಾಯಿತು. ಕೃಷ್ಣಮೃಗಗಳು ಉಳಿದವು, ಬಯಲನ್ನೇ ನೆಚ್ಚಿದ್ದ ಎರೆಭೂತ ಉಳಿಯಲಿಲ್ಲ.

ಕರೇರಾದ ಅನುಭವವು ರೈತನನ್ನು ಹೊರಗಿಟ್ಟು ಪಕ್ಷಿಯನ್ನು ಉಳಿಸಲಾಗದೆಂದು ತಿಳಿಸುತ್ತದೆ. ಮರ ನೆಡುವುದೊಂದೇ ಪರಿಸರ ಸೇವೆಯಲ್ಲ, ಬಯಲು ಬಯಲಾಗಿಯೇ ಉಳಿಯುವುದೂ ಸಂರಕ್ಷಣೆಯೇ ಎಂಬುದು ರಾಣೆಬೆನ್ನೂರಿನ ಪಾಠ. ವನಮಹೋತ್ಸವದಂದು ಸಸಿ ನೆಡುವುದಕ್ಕಷ್ಟೇ ಸೀಮಿತವಾದ ಶಾಲಾ ಕಾರ್ಯಕ್ರಮಗಳು ಈ ಎರಡನೆಯ ಪಾಠವನ್ನು ಹೇಳಿಕೊಡಲಾರವು.

ಕಾರ್ಯಕ್ರಮಗಳ ಮುಂದಿರುವ ಇಕ್ಕಟ್ಟು

ಸಿರುಗುಪ್ಪದ ವಿದ್ಯಾರ್ಥಿಯು ಕಮಲಾಪುರದ ಉದ್ಯಾನಕ್ಕೆ ಹೋಗಿ ಹುಲಿ, ಸಿಂಹಗಳನ್ನು ಕಂಡು ಬರುತ್ತಾನೆ. ತನ್ನ ಊರಿನ ಹೊಲದಲ್ಲಿಯೇ ಇರುವ, ಜಗತ್ತಿನಲ್ಲಿ ಹುಲಿಗಿಂತಲೂ ವಿರಳವಾದ ಪಕ್ಷಿಯನ್ನು ಕಾಣದೆಯೇ ಶಾಲೆ ಮುಗಿಸುತ್ತಾನೆ. ಈ ಕೊರತೆಯನ್ನು ನೀಗಬೇಕಾಗಿದೆ. ಆದರೆ ನೂರು ಮಕ್ಕಳನ್ನು ಬಸ್ಸಿನಲ್ಲಿ ಕರೆತಂದು ಹೊಲದಲ್ಲಿ ಇಳಿಸಿದಲ್ಲಿ ಪಕ್ಷಿಯು ನೆಲೆ ತೊರೆಯುವ ಸಂಭವವಿದೆ. ಛಾಯಾಗ್ರಹಣಕ್ಕಾಗಿ ವಾಹನಗಳಲ್ಲಿ ಪಕ್ಷಿಯನ್ನು ಬೆನ್ನಟ್ಟುವುದರಿಂದಲೂ ಇದೇ ಅಪಾಯವಿದೆ. ಕಾಂಡ್ಲಾ ವನದಲ್ಲಿ ಹಲಗೆಯ ಹಾದಿಯು ಸಂದರ್ಶಕರನ್ನು ಮತ್ತು ಜೀವಿಯನ್ನು ಬೇರ್ಪಡಿಸುತ್ತದೆ. ಎರೆಭೂಮಿಯಲ್ಲಿ ಆ ಹಾದಿಯ ಕೆಲಸವನ್ನು ಶಿಸ್ತು ಒಂದೇ ಮಾಡಬೇಕಾಗಿದೆ.

ಆದುದರಿಂದ ಈ ಭಾಗಕ್ಕೆ ಹೊಂದುವ ನಿಸರ್ಗ ಶಿಕ್ಷಣವು ಕೆಳಕಂಡ ಅಂಶಗಳನ್ನು ಒಳಗೊಂಡಿರುವುದು ಅಪೇಕ್ಷಣೀಯ:

1. ಎರೆಭೂತದ ಕುರಿತ ಪಾಠವು ತರಗತಿಯಲ್ಲಿ ಹಾಗೂ ಗ್ರಾಮ ಸಭೆಯಲ್ಲಿ ನಡೆಯತಕ್ಕದ್ದು. ಪಕ್ಷಿಯ ನೆಲೆಗೆ, ವಿಶೇಷವಾಗಿ ಮಳೆಗಾಲದ ಸಂತಾನೋತ್ಪತ್ತಿ ಅವಧಿಯಲ್ಲಿ, ಗುಂಪುಗಳನ್ನು ಕರೆದೊಯ್ಯಬಾರದು.

2. ಮೊದಲ ಪಾಠ ರೈತರು, ಕುರಿಗಾಹಿಗಳು ಮತ್ತು ಕೃಷಿ ಕಾರ್ಮಿಕರಿಗೆ ಸಲ್ಲಬೇಕು. ಪಕ್ಷಿಯು ಮಿಡತೆ, ಜೀರುಂಡೆ ಮುಂತಾದ ಕೀಟಗಳನ್ನು ತಿನ್ನುವುದರಿಂದ ಬೆಳೆಗೆ ಸಹಾಯಕವೆಂಬುದನ್ನು ತಿಳಿಸಬೇಕು. ಜಮೀನಿನ ಹಕ್ಕಿನ ಕುರಿತು ಅವರಿಗಿರುವ ಆತಂಕಕ್ಕೆ ನೇರವಾದ, ಸ್ಪಷ್ಟವಾದ ಉತ್ತರ ನೀಡಬೇಕು.

3. ನೇರ ವೀಕ್ಷಣೆಯ ಪಾಠಗಳಿಗೆ ನದಿದಂಡೆ, ಕೆರೆ ಮತ್ತು ಕುರುಗೋಡಿನ ಕಲ್ಲುಗುಡ್ಡಗಳನ್ನು ಬಳಸಿಕೊಳ್ಳಬೇಕು. ಊರ ಕೆರೆಯ ಹಕ್ಕಿಗಳನ್ನು ಎಣಿಸಲು ಕಲಿತ ವಿದ್ಯಾರ್ಥಿಗೆ ದೂರದ ಪ್ರವಾಸ ಅನಿವಾರ್ಯವಲ್ಲ.

4. ನದಿದಂಡೆಯ ಕಾರ್ಯಕ್ರಮಗಳಲ್ಲಿ ಸುರಕ್ಷತೆಗೆ ಆದ್ಯತೆ ನೀಡಬೇಕು. 2024ರ ಆಗಸ್ಟ್ 10ರಂದು ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ಘಟನೆಯನ್ನು ನೆನಪಿನಲ್ಲಿಟ್ಟು, ನೀರು ಬಿಡುಗಡೆಯ ಸೂಚನೆಗಳನ್ನು ಖಚಿತಪಡಿಸಿಕೊಂಡ ನಂತರವೇ ಮಕ್ಕಳನ್ನು ನದಿಯ ಬಳಿ ಕರೆದೊಯ್ಯತಕ್ಕದ್ದು.

ಕಾನೂನಿನಲ್ಲಿ ಜನರಿಗಿರುವ ಸ್ಥಾನ

ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯ ಮೂಲಕ ಸಂರಕ್ಷಣಾ ಮೀಸಲು ಮತ್ತು ಸಮುದಾಯ ಮೀಸಲು ಎಂಬ ಎರಡು ಹೊಸ ವರ್ಗಗಳನ್ನು ಸೇರಿಸಲಾಯಿತು. 36-ಎ ಪ್ರಕರಣದನ್ವಯ ಸರ್ಕಾರಿ ಭೂಮಿಯಲ್ಲಿ ಸಂರಕ್ಷಣಾ ಮೀಸಲನ್ನು ಘೋಷಿಸುವ ಮುನ್ನ ಸ್ಥಳೀಯ ಸಮುದಾಯಗಳೊಡನೆ ಸಮಾಲೋಚಿಸಬೇಕು. ಅದರ ನಿರ್ವಹಣಾ ಸಮಿತಿಯಲ್ಲಿ ಸಂಬಂಧಪಟ್ಟ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳಿರುತ್ತಾರೆ. 36-ಸಿ ಪ್ರಕರಣವು ಖಾಸಗಿ ಅಥವಾ ಸಮುದಾಯದ ಭೂಮಿಯಲ್ಲಿ, ಜನರು ಸ್ವಇಚ್ಛೆಯಿಂದ ಮುಂದೆ ಬಂದಲ್ಲಿ, ಸಮುದಾಯ ಮೀಸಲಿಗೆ ಅವಕಾಶ ನೀಡುತ್ತದೆ. ರೈತರ ಹೊಲಗಳಲ್ಲಿಯೇ ಪಕ್ಷಿಯಿರುವ ಸಿರುಗುಪ್ಪದಂತಹ ಕಡೆ ಈ ಅವಕಾಶದ ತಿಳುವಳಿಕೆ ಜನರಲ್ಲಿ ಮೂಡುವುದು ಅಗತ್ಯ.

ಸಂರಕ್ಷಣಾ ಮೀಸಲಿನಲ್ಲಿ ಬೆಂಕಿ ಹಚ್ಚುವುದನ್ನೂ, ವನ್ಯಜೀವಿಗಳಿಗೆ ಹಾನಿ ಮಾಡುವ ರಾಸಾಯನಿಕ ಮತ್ತು ಸ್ಫೋಟಕಗಳನ್ನು ಬಳಸುವುದನ್ನೂ ಕಾಯ್ದೆ ನಿಷೇಧಿಸುತ್ತದೆ. ಸಿಡಿಮದ್ದು ಬಳಸಿ ಮೀನು ಹಿಡಿಯುವುದರಿಂದ ನೀರುನಾಯಿಗಳ ಆಹಾರವೂ ಪ್ರಾಣವೂ ಹೋಗುತ್ತವೆಯಾದ್ದರಿಂದ ಕಂಪ್ಲಿ ಭಾಗದ ಮೀನುಗಾರರಿಗೆ ಈ ವಿಷಯವನ್ನು ಮನವರಿಕೆ ಮಾಡಿಕೊಡುವುದು ನಿಸರ್ಗ ಶಿಕ್ಷಣದ ಭಾಗವೇ ಆಗಿದೆ.

ಜೈವಿಕ ವೈವಿಧ್ಯ ಕಾಯ್ದೆ, 2002ರ ಮೇರೆಗೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು ಹಾಗೂ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸತಕ್ಕದ್ದು. ಊರಿನ ಹಿರಿಯರ ತಿಳುವಳಿಕೆಯನ್ನು ಮಕ್ಕಳೇ ಬರೆದುಕೊಳ್ಳುವ ಮೂಲಕ ಈ ದಾಖಲಾತಿಯನ್ನು ಉತ್ತಮ ಪಾಠವನ್ನಾಗಿ ಮಾಡಬಹುದಾಗಿದೆ.

ಭಾಗವಹಿಸಲು ಇಚ್ಛಿಸುವವರು ಗಮನಿಸಬೇಕಾದ ಅಂಶಗಳು

1. ಶಾಲಾ ತಂಡಗಳ ಪರವಾಗಿ ಮುಖ್ಯೋಪಾಧ್ಯಾಯರು ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಗಳಿಗೆ ಲಿಖಿತ ಮನವಿ ಸಲ್ಲಿಸುವುದು ಸೂಕ್ತ. ಮನವಿಯಲ್ಲಿ ವಿದ್ಯಾರ್ಥಿಗಳ ಸಂಖ್ಯೆ, ತರಗತಿ, ಜೊತೆಗಿರುವ ಶಿಕ್ಷಕರು, ಉದ್ದೇಶಿತ ದಿನಾಂಕ ಮತ್ತು ಸ್ಥಳವನ್ನು ನಮೂದಿಸಿದಲ್ಲಿ ಪರಿಶೀಲನೆ ಸುಗಮವಾಗುತ್ತದೆ.

2. ವನ್ಯಜೀವಿಧಾಮದೊಳಗೆ ಅಧ್ಯಯನ, ಛಾಯಾಗ್ರಹಣ, ಸಂಶೋಧನೆ ಅಥವಾ ಪ್ರವಾಸಕ್ಕಾಗಿ ಪ್ರವೇಶಿಸಲು ಕಾಯ್ದೆಯ 28ನೇ ಪ್ರಕರಣದ ಪ್ರಕಾರ ಅನುಮತಿ ಅಗತ್ಯ.

3. ಖಾಸಗಿ ಹೊಲಗಳಿಗೆ ರೈತರ ಒಪ್ಪಿಗೆಯಿಲ್ಲದೆ ಪ್ರವೇಶಿಸಬಾರದು.

4. ಎರೆಭೂತ, ಅದರ ಮೊಟ್ಟೆ ಅಥವಾ ಮರಿ ಕಂಡುಬಂದಲ್ಲಿ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ಅಥವಾ ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸುವುದು. ಸ್ಥಳದ ವಿವರ ಅಥವಾ ಚಿತ್ರವನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಂಚಿಕೊಳ್ಳಬಾರದು.

5. ತಮ್ಮ ತಾಲ್ಲೂಕಿನಲ್ಲಿ ನಡೆದ ಕಾರ್ಯಕ್ರಮಗಳು ಮತ್ತು ವೆಚ್ಚದ ವಿವರ ಬೇಕಾದವರು ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂ. ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ, ಸಾಮಾನ್ಯವಾಗಿ 30 ದಿನಗಳೊಳಗೆ ಮಾಹಿತಿ ಪಡೆಯಬಹುದಾಗಿದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕ ವಿನಾಯಿತಿ ಇದೆ.

ಉಪಸಂಹಾರ

ಎಷ್ಟು ಮಕ್ಕಳು ಪ್ರವಾಸ ಮಾಡಿದರು ಎಂಬ ಲೆಕ್ಕದಿಂದ ನಿಸರ್ಗ ಶಿಕ್ಷಣದ ಯಶಸ್ಸನ್ನು ಅಳೆಯಲಾಗದು. ಕಡಲೆ ಹೊಲದಲ್ಲಿ ಮೊಟ್ಟೆಯನ್ನು ಕಂಡ ರೈತನು ನೇಗಿಲನ್ನು ಪಕ್ಕಕ್ಕೆ ತಿರುಗಿಸಿದನೇ, ಮೀನುಗಾರನು ಸಿಡಿಮದ್ದನ್ನು ಬಿಟ್ಟು ಬಲೆಯನ್ನು ಹಿಡಿದನೇ, ವಿದ್ಯಾರ್ಥಿಯು ಊರ ಬಯಲನ್ನು ಪಾಳುಭೂಮಿಯೆಂದು ಕರೆಯುವುದನ್ನು ನಿಲ್ಲಿಸಿದನೇ ಎಂಬುದರಿಂದ ಅದನ್ನು ಅಳೆಯಬೇಕು. ರಾಣೆಬೆನ್ನೂರಿನಲ್ಲಿ ಕಳೆದುಕೊಂಡುದನ್ನು ಸಿರುಗುಪ್ಪದಲ್ಲಿ ಉಳಿಸಿಕೊಳ್ಳಲು ಇನ್ನೂ ಅವಕಾಶವಿದ್ದು, ಆ ಕಾಲಾವಕಾಶ ದೀರ್ಘವಾದುದಲ್ಲ. ಈ ಕಾರ್ಯದಲ್ಲಿ ಸಾರ್ವಜನಿಕರು, ಶಿಕ್ಷಕರು ಹಾಗೂ ರೈತ ಬಾಂಧವರು ಸಹಕರಿಸಬೇಕೆಂದು ಕೋರಲಾಗಿದೆ.