ಕ್ಷಮೆಯ ಹೆಸರಿನಲ್ಲಿ ಮೌನ

ನಾಲ್ಕು ಜನ ಕೂಡಿ ದುಡಿಯುವಲ್ಲಿ ಮನಸ್ತಾಪ ಹುಟ್ಟುವುದು ಸಹಜ. ಅದರಲ್ಲಿ ಆಶ್ಚರ್ಯವೂ ಇಲ್ಲ, ನಾಚಿಕೆಯೂ ಬೇಕಿಲ್ಲ. ನಾಚಿಕೆಪಡಬೇಕಾದದ್ದು ಜೈನ ಯಜಮಾನರ ಅಂಗಡಿಗಳಲ್ಲಿ, ಟ್ರಸ್ಟುಗಳ ಕಚೇರಿಗಳಲ್ಲಿ ಆ ಮನಸ್ತಾಪವನ್ನು ಅಡಗಿಸುವ ರೀತಿಗೆ. ದೂರು ತಂದವನಿಗೆ ಮೊದಲು ದೊರೆಯುವುದು ವಿಚಾರಣೆಯಲ್ಲ, ಉಪದೇಶ. ಕ್ರೋಧವು ಕಷಾಯವೆಂದೂ, ಕಷಾಯವು ಕರ್ಮಬಂಧಕ್ಕೆ ಕಾರಣವೆಂದೂ, ಕ್ಷಮೆಯೇ ಪರಮಧರ್ಮವೆಂದೂ ಅವನಿಗೆ ತಿಳಿಹೇಳಲಾಗುತ್ತದೆ. ತತ್ವವೇನೋ ಸತ್ಯವೇ. ಆದರೆ ಅದನ್ನು ಯಾವಾಗಲೂ ಪಗಾರ ಪಡೆಯುವವನಿಗೇ ಹೇಳುವುದು, ಪಗಾರ ಕೊಡುವವನಿಗೆ ಎಂದೂ ಹೇಳದಿರುವುದು ಯಾವ ಆಗಮದಲ್ಲಿ ಬಂದಿದೆ?

ಅಫಜಲಪುರ ತಾಲೂಕಿನ ಚೌಡಾಪುರವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿ, ದೇವಲ ಗಾಣಗಾಪುರಕ್ಕೆ ತಿರುಗುವ ಕಡೆ ಇರುವ ಊರದು. ಸುತ್ತಲೂ ತೊಗರಿಯ ಸೀಮೆ. ಮಾರ್ಗಶಿರ ಹುಣ್ಣಿಮೆಯ ದತ್ತ ಜಯಂತಿಗೆ ಗಾಣಗಾಪುರದ ಕಡೆ ಯಾತ್ರಿಕರು ನೆರೆಯುವ ದಿನಗಳಲ್ಲೇ ತೊಗರಿಯ ರಾಶಿಯೂ ಆರಂಭವಾಗುತ್ತದೆ. ಇಂಥ ಊರಿನಲ್ಲಿ ಒಂದು ಅಡತಿ ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ಒಬ್ಬ ಗುಮಾಸ್ತ, ಕಾಟಾದ ಮೇಲೆ ಒಬ್ಬ, ನಾಲ್ವರು ಹಮಾಲರು. ಸುಗ್ಗಿಯ ಗದ್ದಲದಲ್ಲಿ ಒಂದು ಸಂಜೆ ಎರಡು ಚೀಲ ಲೆಕ್ಕಕ್ಕೆ ಕಡಿಮೆ ಬೀಳುತ್ತವೆ. ಹಮಾಲರು ಎಣಿಕೆ ತಪ್ಪಿದರೆಂದು ಗುಮಾಸ್ತನ ವಾದ. ಗುಮಾಸ್ತ ಬರೆದುಕೊಳ್ಳುವುದರಲ್ಲಿ ತಪ್ಪಿದನೆಂದು ಹಮಾಲರ ವಾದ. ಕಾಟಾದವನು ಯಾರ ಪರವಾಗಿಯೂ ಬಾಯಿ ಬಿಡುವುದಿಲ್ಲ. ಸಾಹುಕಾರರು ಇಬ್ಬರನ್ನೂ ಕರೆದು, "ಹೋಗ್ಲಿ ಬಿಡ್ರಪ್ಪಾ, ಕೈ ಮುಗೀರಿ ಒಬ್ಬರಿಗೊಬ್ಬರು" ಎನ್ನುತ್ತಾರೆ. ಕೈ ಮುಗಿಯುವುದೂ ಆಗುತ್ತದೆ. ವಾರದ ಬಟವಾಡೆಯಲ್ಲಿ ಎರಡು ಚೀಲದ ಹಣ ಹಮಾಲರ ಲೆಕ್ಕದಿಂದ ಸದ್ದಿಲ್ಲದೆ ಕಡಿತವಾಗುತ್ತದೆ.

ಅಂಗಡಿಯಲ್ಲಿ ಶಾಂತಿ ನೆಲೆಸಿತೆಂದು ಸಾಹುಕಾರರು ಭಾವಿಸುತ್ತಾರೆ. ನೆಲೆಸಿದ್ದು ಮೌನ. ಮುಂದಿನ ಸುಗ್ಗಿಗೆ ಇಬ್ಬರು ಹಮಾಲರು ಬೇರೆ ಅಂಗಡಿ ಹಿಡಿಯುತ್ತಾರೆ. ಉಳಿದವರು ಗುಮಾಸ್ತನ ತಪ್ಪನ್ನು ಕಂಡರೂ ಹೇಳುವುದಿಲ್ಲ. ಬೆಳಗಿನಿಂದ ಮಾಲು ಇಳಿಸಿಕೊಳ್ಳುವವನೂ ಅವನೇ, ಪಟ್ಟಿ ಬರೆಯುವವನೂ ಅವನೇ, ರಾತ್ರಿ ಹತ್ತರವರೆಗೆ ಕಿರ್ದಿ ಕೂಡಿಸುವವನೂ ಅವನೇ ಎಂಬುದನ್ನು, ಅಂದರೆ ಇಬ್ಬರ ಕೆಲಸ ಒಬ್ಬನ ಹೆಗಲ ಮೇಲಿದೆ ಎಂಬುದನ್ನು ಯಾರೂ ಕೇಳಲಿಲ್ಲ. ಜಗಳದ ಬೇರು ಯಾರ ಸ್ವಭಾವದಲ್ಲೂ ಇರಲಿಲ್ಲ, ಕೆಲಸದ ಹಂಚಿಕೆಯಲ್ಲಿತ್ತು. ಕೆಲಸದ ಬಗೆಗಿನ ಜಗಳವನ್ನು ಸಕಾಲದಲ್ಲಿ ಬಿಡಿಸದಿದ್ದರೆ ಅದು ವ್ಯಕ್ತಿಗಳ ನಡುವಿನ ಹಗೆಯಾಗುತ್ತದೆ. ಆಮೇಲೆ ಅದನ್ನು ಬಿಡಿಸುವುದು ಕಷ್ಟ.

ತತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪಾಠಶಾಲೆಯ ಮಕ್ಕಳು ಇವನ್ನು ಕಂಠಪಾಠ ಒಪ್ಪಿಸುತ್ತಾರೆ. ಅತಿಭಾರಾರೋಪಣವೆಂದರೆ ಎತ್ತಿನ ಬೆನ್ನಿಗೆ ಹೆಚ್ಚು ಹೇರುವುದು ಎಂದು ಅರ್ಥ ಹೇಳಿ ಮುಗಿಸುವುದು ರೂಢಿಯಾಗಿದೆ. ಎತ್ತುಗಳು ಹೋಗಿ ಟ್ರ್ಯಾಕ್ಟರು ಬಂದ ಮೇಲೆ ಈ ಅತಿಚಾರದಿಂದ ಶ್ರಾವಕನಿಗೆ ಬಿಡುಗಡೆ ದೊರೆಯಿತೇ? ಶಕ್ತಿಮೀರಿದ ಹೊರೆ ಹೊತ್ತ ಗುಮಾಸ್ತನೂ, ವಿಚಾರಣೆಯಿಲ್ಲದೆ ಕೂಲಿ ಕಡಿತಗೊಂಡ ಹಮಾಲನೂ ಈ ಪಟ್ಟಿಯ ಕೊನೆಯ ಎರಡು ಹೆಸರುಗಳಿಗೆ ಹೊರಗಿನವರೇ? ರಾತ್ರಿಭೋಜನ ತ್ಯಾಗದಲ್ಲಿ ಇಷ್ಟು ಸೂಕ್ಷ್ಮವಾಗಿರುವ ಸಮಾಜವು, ತನ್ನ ಅಂಗಡಿಯಲ್ಲಿ ದುಡಿಯುವವನು ರಾತ್ರಿ ಎಷ್ಟು ಹೊತ್ತಿಗೆ ಉಣ್ಣುತ್ತಾನೆಂದು ವಿಚಾರಿಸುವುದಿಲ್ಲ.

ಬಸದಿಗಳ ಟ್ರಸ್ಟುಗಳಲ್ಲಿ ಈ ರೋಗಕ್ಕೆ ಇನ್ನೂ ಗಂಭೀರವಾದ ಹೆಸರೊಂದುಂಟು. ವ್ಯವಸ್ಥಾಪಕನ ದರ್ಪದ ಬಗ್ಗೆ ಪುರೋಹಿತರೋ ಅಡುಗೆಯವರೋ ಕಾವಲುಗಾರನೋ ದೂರಿದರೆ, "ಇದು ಹೊರಗೆ ಹೋದರೆ ಧರ್ಮಕ್ಕೆ ಅಪಕೀರ್ತಿ" ಎಂದು ಹಿರಿಯರು ಉಪಗೂಹನದ ಮಾತೆತ್ತುತ್ತಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ ಐದನೆಯದು. ಅದು ಹೇಳುವುದು ಅಜ್ಞಾನಿಗಳಿಂದ, ಅಶಕ್ತರಿಂದ ಮಾರ್ಗಕ್ಕೆ ಬರುವ ನಿಂದೆಯನ್ನು ನಿವಾರಿಸುವುದನ್ನು. ಅಂದರೆ ಆ ಹೊದಿಕೆ ಬಲಹೀನನಿಗಾಗಿ ನೇಯ್ದದ್ದು. ಅದನ್ನು ಎಳೆದು ಬಲಿಷ್ಠನ ಮೈಮೇಲೆ ಹೊದಿಸಲಾಗುತ್ತಿದೆ. ಇಷ್ಟಕ್ಕೂ ಉಪಗೂಹನದ ಬೆನ್ನಿಗೇ ಆರನೆಯ ಅಂಗವಾಗಿ ಸ್ಥಿತಿಕರಣ ಬರುತ್ತದೆ, ಜಾರಿದವನನ್ನು ಮತ್ತೆ ನೆಲೆಗೆ ತಂದು ನಿಲ್ಲಿಸುವುದು. ಐದನ್ನು ಹಿಡಿದು ಆರನ್ನು ಬಿಟ್ಟರೆ ಉಳಿಯುವುದು ಬರೀ ಮುಚ್ಚಿಡುವಿಕೆ. ದಶಲಕ್ಷಣ ಪರ್ವದಲ್ಲೂ ಹೀಗೆಯೇ. ಉತ್ತಮ ಕ್ಷಮೆಯ ಮರುದಿನವೇ ಉತ್ತಮ ಮಾರ್ದವ, ಅದರ ಮರುದಿನ ಉತ್ತಮ ಆರ್ಜವ. ಕ್ಷಮೆಯ ಪಾಠ ನೌಕರನಿಗಾದರೆ, ಅಹಂಕಾರ ಬಿಡುವ ಮಾರ್ದವದ ಪಾಠ ಅಧ್ಯಕ್ಷರಿಗೆ ಯಾಕಾಗಬಾರದು?

ಇನ್ನು ಅನೇಕಾಂತದ ಮಾತು. "ಅವನ ದೃಷ್ಟಿಯಲ್ಲಿ ಅವನು ಸರಿ, ಇವನ ದೃಷ್ಟಿಯಲ್ಲಿ ಇವನು ಸರಿ" ಎಂದು ಎದ್ದುಹೋಗುವುದನ್ನೇ ಅನೇಕಾಂತವೆಂದು ತಿಳಿದವರಿದ್ದಾರೆ. ಸ್ಯಾದ್ವಾದಿಯು ಯಾವ ಅಪೇಕ್ಷೆಯಿಂದ ಏನು ನಿಜವೆಂದು ಖಚಿತವಾಗಿ ಹೇಳಬೇಕು. ಎರಡು ಚೀಲ ಬಂದಿದ್ದವೋ ಇಲ್ಲವೋ ಎಂಬುದಕ್ಕೆ ಕಾಟಾದ ಚೀಟಿ ಉತ್ತರ ಹೇಳುತ್ತದೆ, ನಯವಾದ ಹೇಳುವುದಿಲ್ಲ. ದೃಷ್ಟಿಭೇದವಿರುವುದು ಹೊರೆ ಯಾರದು ಹೆಚ್ಚಾಯಿತು, ಮಾತು ಯಾರದು ಕಟುವಾಯಿತು ಎಂಬಲ್ಲಿ. ಅಲ್ಲಿ ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿಕೊಂಡು ಪೂರ್ತಿ ಕೇಳಬೇಕು. ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಮೊದಲನೆಯದು ಆಲೋಚನೆ, ಅಂದರೆ ಆದದ್ದನ್ನು ಆದಂತೆ ಬಾಯಿಬಿಟ್ಟು ಹೇಳುವುದು. ಹೇಳಲು ಅವಕಾಶವೇ ಇಲ್ಲದಲ್ಲಿ ಕ್ಷಮೆ ಯಾವುದಕ್ಕೆ?

ಯಜಮಾನನೇ ಕಕ್ಷಿಯಾದಾಗ ಕೇಳುವವರು ಯಾರು? ಇದಕ್ಕೆ ಉತ್ತರವನ್ನು ಜೈನ ಮನೆತನವೊಂದರ ಇತಿಹಾಸದಲ್ಲೇ ಕಾಣಬಹುದು. 1917ರ ಪ್ಲೇಗಿನಲ್ಲಿ ಅಹಮದಾಬಾದಿನ ಗಿರಣಿ ಕಾರ್ಮಿಕರಿಗೆ ಕೊಡುತ್ತಿದ್ದ ಬೋನಸ್ಸು ನಿಂತಾಗ ವ್ಯಾಜ್ಯ ಹುಟ್ಟಿತು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ, ಕಾರ್ಮಿಕರ ಪಕ್ಷದಲ್ಲಿ ನಿಂತವರು ಅವರ ಒಡಹುಟ್ಟಿದ ಅನಸೂಯಾ ಸಾರಾಭಾಯಿ. ಮಾಲೀಕರು ಶೇಕಡಾ 20 ಕೊಡುತ್ತೇವೆಂದರು. 35ಕ್ಕೆ ಕಡಿಮೆಯಾದರೆ ಕೆಲಸಕ್ಕೆ ಹೋಗೆವೆಂದು ಕಾರ್ಮಿಕರು ಪ್ರತಿಜ್ಞೆ ಮಾಡಿದರು. 1918ರ ಫೆಬ್ರುವರಿ 22ರಂದು ಗಿರಣಿಗಳಿಗೆ ಬೀಗ ಬಿತ್ತು. ಮಾರ್ಚ್ 15ರಂದು ಗಾಂಧೀಜಿ ಉಪವಾಸ ಕೂತರು. ಆ ಉಪವಾಸ ಮಾಲೀಕರ ಮೇಲೆ ಒತ್ತಡ ತಂದ ದೋಷವುಳ್ಳದ್ದೆಂದು ಗಾಂಧೀಜಿಯೇ ಮುಂದೆ ಬರೆದುಕೊಂಡರು, ಅದು ಬೇರೆ ವಿಚಾರ. ಮೂರು ದಿನಗಳ ನಂತರ ಆದ ಒಪ್ಪಂದದ ರೀತಿ ಗಮನಾರ್ಹವಾದುದು. ಪ್ರತಿಜ್ಞೆ ಉಳಿಯಲೆಂದು ಮೊದಲ ದಿನ 35, ಮಾಲೀಕರ ಮಾತು ಉಳಿಯಲೆಂದು ಎರಡನೆಯ ದಿನ 20, ಮೂರನೆಯ ದಿನದಿಂದ ಮಧ್ಯಸ್ಥರ ತೀರ್ಪಿನವರೆಗೆ ಇಪ್ಪತ್ತೇಳೂವರೆ. ಮಧ್ಯಸ್ಥರಾದ ಆನಂದಶಂಕರ ಧ್ರುವ ಅವರು ಕಡೆಗೆ 35ನ್ನೇ ಕೊಡಿಸಿದರು. ಅಕ್ಕ ತಮ್ಮಂದಿರು ಬೇರೆಬೇರೆ ಪಕ್ಷಗಳಲ್ಲಿದ್ದರೂ ಯಾರೂ ಯಾರಿಗೂ ಸುಮ್ಮನಿರೆಂದು ಉಪದೇಶಿಸಿ ಜಗಳ ಮುಗಿಸಲಿಲ್ಲ. ಇಬ್ಬರೂ ಒಪ್ಪಿದ ಮೂರನೆಯವನ ಮುಂದೆ ಲೆಕ್ಕ ಇಟ್ಟರು.

ಅದು ದೊಡ್ಡ ಗಿರಣಿಗಳ ಮಾತು, ಸಣ್ಣ ಅಂಗಡಿ ಮನೆಯಿದ್ದಂತೆ, ಮನೆಯ ಮಾತಿಗೆ ಹೊರಗಿನವರೇಕೆ ಎಂದು ಕೇಳುವವರುಂಟು. ಮನೆಯೇ ಸರಿ. ಆದರೆ ಗಲ್ಲಾಪೆಟ್ಟಿಗೆಯ ಬೀಗದಕೈ ಒಬ್ಬನ ಸೊಂಟದಲ್ಲೇ ಇರುವ ಮನೆ.

2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು 20 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕೆನ್ನುತ್ತದೆ. ಅದರಲ್ಲಿ ಎರಡೂ ಕಡೆಯವರು ಸಮಸಂಖ್ಯೆಯಲ್ಲಿರಬೇಕು, ಅಧ್ಯಕ್ಷತೆ ವರ್ಷಕ್ಕೊಂದು ಕಡೆಗೆ ಸರದಿಯಂತೆ ಹೋಗಬೇಕು, ಅರ್ಜಿ ಬಂದ 30 ದಿನಗಳಲ್ಲಿ ವಿಚಾರಣೆ ಮುಗಿಯಬೇಕು. ಚೌಡಾಪುರದ ಅಡತಿ ಅಂಗಡಿಯಲ್ಲಿ ಇಪ್ಪತ್ತು ಜನ ಎಲ್ಲಿಂದ ಬರಬೇಕು? ದಾನಧರ್ಮದ ಸಂಸ್ಥೆಗಳನ್ನಂತೂ ಸಂಹಿತೆಯು ಉದ್ದಿಮೆಯ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಕಾಯಿದೆ ಕಣ್ಣಿಡದ ಈ ಜಾಗಗಳಲ್ಲೇ ಅಣುವ್ರತದ ಪರೀಕ್ಷೆ. ಪ್ರತಿ ಟ್ರಸ್ಟೂ ತನ್ನ ನೌಕರರು ಒಪ್ಪುವ, ಆಡಳಿತ ಮಂಡಳಿಗೆ ಸೇರದ ಇಬ್ಬರನ್ನು ಮಧ್ಯಸ್ಥರನ್ನಾಗಿ ನೇಮಿಸಬಹುದು, ಅವರಲ್ಲಿ ಒಬ್ಬರು ಮಹಿಳೆಯಾಗಿರಲಿ. ದೂರನ್ನು ಬರೆದುಕೊಳ್ಳಲು ಒಂದು ವಹಿ ಇಡಬಹುದು. ವಿಚಾರಣೆ ಮುಗಿಯುವವರೆಗೆ ಯಾರ ಪಗಾರವನ್ನೂ ಮುಟ್ಟುವುದಿಲ್ಲವೆಂದು ಠರಾವು ಮಾಡಬಹುದು. ಇದಕ್ಕೆ ಖರ್ಚಾಗುವುದು ಒಂದು ವಹಿಯ ಬೆಲೆ. ಮುಂದಿನ ಪರ್ವದ ಕ್ಷಮಾವಾಣಿಯ ದಿನ ವೇದಿಕೆಯ ಮೇಲಿಂದ ಕೈ ಮುಗಿಯುವ ಮೊದಲು ಪದಾಧಿಕಾರಿಗಳು ಆ ವಹಿಯನ್ನು ತೆರೆದು, ಹಿಂದಿನ ವರ್ಷ ಬಂದ ದೂರುಗಳೆಷ್ಟು, ತೀರಿದ್ದೆಷ್ಟು, ಉಳಿದದ್ದೆಷ್ಟು ಎಂದು ಸಭೆಗೆ ಓದಿ ಹೇಳಲಿ.