ನಿಧಾನದ ಊರಿಗೆ ಹೋಗುವ ನಾವು

ಗೋಕರ್ಣದ ಸ್ಥಳಪುರಾಣವು ಅವಸರದ ಪ್ರಯಾಣಿಕನೊಬ್ಬನ ಕಥೆಯೂ ಹೌದು. ಆತ್ಮಲಿಂಗವನ್ನು ಹೊತ್ತು ಲಂಕೆಗೆ ಹೊರಟ ರಾವಣನಿಗೆ ಸಂಧ್ಯಾವಂದನೆಯನ್ನು ಬಿಡುವಂತಿಲ್ಲ, ದಾರಿಯಲ್ಲಿ ತಡಮಾಡುವಂತೆಯೂ ಇಲ್ಲ. ವಟುವಿನ ವೇಷದ ಗಣಪತಿಯ ಕೈಗೆ ಲಿಂಗವನ್ನೊಪ್ಪಿಸಿ ಆತ ನೀರಿಗಿಳಿದ. ಮರಳಿ ಬರುವಷ್ಟರಲ್ಲಿ ಅದು ನೆಲ ಸೇರಿತ್ತು. ಬಲವೆಲ್ಲವನ್ನೂ ಹಾಕಿ ಎಳೆದರೆ ಹಸುವಿನ ಕಿವಿಯಂತೆ ತಿರುಚಿಕೊಂಡಿತೇ ಹೊರತು ಮೇಲೇಳಲಿಲ್ಲ. ಕಡಲತೀರದ ಊರುಗಳಿಗೆ ರಜೆಯ ದಿನಗಳನ್ನೆಣಿಸುತ್ತ ಹೋಗುವ ನಮ್ಮಂಥವರು ಈ ಕಥೆಯನ್ನು ಆಗಾಗ ನೆನೆಯುವುದು ಒಳ್ಳೆಯದು.

ಪುಣೆ ಜಿಲ್ಲೆಯ ಶಿರೂರಿನಲ್ಲಿ, ಘೋಡ್ ನದಿಯ ದಡದಲ್ಲಿ ಬದುಕು ಕಟ್ಟಿಕೊಂಡಿರುವ ನಮಗೆ ಕಡಲು ದೂರ. ಮಹಾರಾಷ್ಟ್ರದ ಕೊಂಕಣ ತೀರ ಹತ್ತಿರವಿದ್ದರೂ ಮನಸ್ಸು ಎಳೆಯುವುದು ಅಂಕೋಲೆ, ಗೋಕರ್ಣ, ಕುಮಟೆಗಳ ಕಡೆಗೆ. ಅಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ಅದಕ್ಕಿಂತ ಮಿಗಿಲಾಗಿ, ಆ ತೀರವನ್ನು ನಾವು ಓದಿ ಬಲ್ಲೆವು. ಮುಂಬಯಿಯಲ್ಲಿ ಬಾಳಿದ ಯಶವಂತ ಚಿತ್ತಾಲರು ತಮ್ಮ ಹನೇಹಳ್ಳಿಯನ್ನು ಕಥೆಗಳಲ್ಲಿ ಮತ್ತೆ ಮತ್ತೆ ಕಟ್ಟಿದರು. ಗೋಕರ್ಣದಲ್ಲಿ ಹುಟ್ಟಿದ ಜಯಂತ ಕಾಯ್ಕಿಣಿಯವರು ಮುಂಬಯಿಯನ್ನೂ ತಮ್ಮೂರನ್ನೂ ಒಂದೇ ಅಕ್ಕರೆಯಿಂದ ಬರೆದರು. ಹೊರನಾಡಿನ ಓದುಗರಿಗೆ ಈ ಬರಹ ದೊಡ್ಡ ಆಸರೆ. ಆದರೆ ಓದಿದ ಊರು ತನ್ನದೇ ಊರೆಂಬ ಭ್ರಮೆಯನ್ನೂ ಅದು ಮೂಡಿಸಬಲ್ಲದು. ಹಂಬಲ ನಮ್ಮದು, ನಿಜ. ಅದರಿಂದ ಹಕ್ಕು ಹುಟ್ಟುವುದಿಲ್ಲ.

ಆ ತೀರದ ನಿಧಾನವನ್ನು ನಾವು ಬಹಳ ಹೊಗಳುತ್ತೇವೆ. ಆ ನಿಧಾನ ಯಾರದು ಎಂದು ಮಾತ್ರ ಕೇಳುವುದಿಲ್ಲ. ಅಘನಾಶಿನಿ ಅಳಿವೆಯಲ್ಲಿ ಬಳಚು ಹೆಕ್ಕುವವರು ನೀರಿಳಿಯುವ ಹೊತ್ತಿಗಾಗಿ ಕಾಯುತ್ತಾರೆ. ಸಾಣಿಕಟ್ಟೆಯ ಉಪ್ಪಿನಾಗರಗಳಲ್ಲಿ ಉಪ್ಪು ಹರಳುಗಟ್ಟುವುದು ಬಿಸಿಲಿನ ಲೆಕ್ಕದಲ್ಲಿ. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಗಜನಿ ಗದ್ದೆಗಳಲ್ಲಿ ತನ್ನ ಕಾಲಕ್ಕೇ ತೆನೆಗಟ್ಟುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಹೊರಗಿನವರ ಕಣ್ಣಿಗೆ ವಿಶ್ರಾಂತಿಯಂತೆ ಕಾಣುವುದು ಇವರ ದುಡಿಮೆಯ ಲಯ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸರ್ ಜೌಗುಪ್ರದೇಶದ ಮನ್ನಣೆ ದೊರೆಯಿತು. ಆ ಮನ್ನಣೆಯ ಹಿಂದೆ ಹಕ್ಕಿ, ಮೀನುಗಳಷ್ಟೇ ಈ ಲಯವನ್ನು ತಲೆಮಾರುಗಳಿಂದ ಕಾಯ್ದುಕೊಂಡು ಬಂದ ಜನರೂ ಇದ್ದಾರೆ.

ಗೋಕರ್ಣದ ಬೀದಿಯಲ್ಲಿ ಹೂವು, ಹರಿವೆ, ಬಸಳೆ ಮಾರುತ್ತ ಕುಳಿತ ಹಾಲಕ್ಕಿ ಮಹಿಳೆಯರನ್ನು ಪ್ರವಾಸಿಗಳು ಕೊರಳ ಮಣಿಸರಗಳಿಗಾಗಿ ಫೋಟೊ ತೆಗೆದುಕೊಳ್ಳುತ್ತಾರೆ. ಕನ್ನಡ ಬಲ್ಲ ನಮಗೆ ಇಲ್ಲಿ ಹೆಚ್ಚಿನ ಹೊಣೆಯಿದೆ. ‘ಅಕ್ಕಾ, ಒಂದು ಫೋಟೊ ತೆಗೆಯಲೆ?’ ಎಂದು ಕೇಳುವ ಭಾಷೆ ನಮ್ಮ ಬಾಯಲ್ಲಿದೆ. ‘ಬೇಡ’ ಎಂದರೆ ಅದು ನಮಗೆ ಅರ್ಥವೂ ಆಗುತ್ತದೆ. ಅದೇ ಭಾಷೆಯನ್ನು ಹತ್ತು ರೂಪಾಯಿಯ ಚೌಕಾಸಿಗೆ ಆಯುಧವಾಗಿ ಹಿಡಿಯುವುದು ತರವಲ್ಲ. ಹಾಲಕ್ಕಿಗಳ ಕನ್ನಡ ಬೇರೆ ಬನಿಯದು, ಅಂಗಡಿಯ ಒಳಗಿನ ಮಾತು ಕೊಂಕಣಿಯಿರಬಹುದು. ‘ಶುದ್ಧ’ ಕನ್ನಡವನ್ನು ಹುಡುಕಿಕೊಂಡು ಹೋಗಿ ಅಲ್ಲಿನವರ ಮಾತನ್ನು ತಿದ್ದುವುದು ಹೊರನಾಡಿಗರಾದ ನಮ್ಮ ಚಪಲ. ನೂರಾರು ಹಾಡುಗಳನ್ನು ನಾಲಿಗೆಯ ಮೇಲೆ ಉಳಿಸಿಕೊಂಡಿದ್ದ ಅಂಕೋಲೆಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಈ ಬನಿಯ ಕನ್ನಡದಿಂದಲೇ.

ನಮ್ಮ ಅವಸರದ ಬೆಲೆಯನ್ನೂ ಯೋಚಿಸಬೇಕು. ಅಂಕೋಲಾ ತಾಲ್ಲೂಕಿನಲ್ಲಿಯೂ ಒಂದು ಶಿರೂರು ಇದೆ. 2024ರ ಜುಲೈ 16ರಂದು ಅಲ್ಲಿ ಗುಡ್ಡ ಕುಸಿದು, ಹೆದ್ದಾರಿಯ ಬದಿಯ ಚಹಾ ಅಂಗಡಿಯೂ ಅದರ ಮನೆಯವರೂ ವಾಹನಗಳೂ ಗಂಗಾವಳಿ ನದಿಯ ಪಾಲಾದರು. ಎದುರು ದಡದ ಉಳುವರೆಯ ಮನೆಗಳಿಗೂ ನೀರು ನುಗ್ಗಿತು. ನಮ್ಮೂರಿನ ಹೆಸರು ಸುದ್ದಿಯಲ್ಲಿ ಕೇಳಿ ಬೆಚ್ಚಿದ ನಾವು, ಅದು ಬೇರೆ ಶಿರೂರೆಂದು ತಿಳಿದು ನಿಟ್ಟುಸಿರು ಬಿಟ್ಟು ಸುಮ್ಮನಿರುವಂತಿರಲಿಲ್ಲ. ಹೆದ್ದಾರಿಯನ್ನು ಅಗಲಗೊಳಿಸಲು ಗುಡ್ಡವನ್ನು ಕಡಿದ ಬಗೆಯ ಮೇಲೆ ಆಗ ಪ್ರಶ್ನೆಗಳೆದ್ದವು. ದಾರಿ ಅಲ್ಲಿನವರಿಗೂ ಬೇಕು, ಆಸ್ಪತ್ರೆಗೆ ಹೋಗಲು ಬೇಕು, ಮೀನು ಸಾಗಿಸಲು ಬೇಕು. ಆದರೆ ಒಂದು ಗಂಟೆ ಮೊದಲೇ ಕಡಲು ಕಾಣಬೇಕೆಂಬ ಆತುರವನ್ನು ಆ ಅಗತ್ಯಗಳ ಸಾಲಿಗೆ ಸೇರಿಸಲು ನಮಗೆ ಮನಸ್ಸು ಬರುವುದಿಲ್ಲ.

ಅತಿಥಿಗಳ ಗದ್ದಲ ಎಂಥದೆಂದು ನಮಗೆ ತಿಳಿಯದ್ದೇನಲ್ಲ. ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದಾದ ರಾಂಜಣಗಾಂವ್ ನಮ್ಮ ತಾಲ್ಲೂಕಿನದೇ. ಅಂಗಾರಕ ಸಂಕಷ್ಟಿಯ ದಿನ ಪುಣೆಯ ಕಡೆಯಿಂದ ಬರುವ ವಾಹನಗಳು ರಸ್ತೆ ತುಂಬುತ್ತವೆ. ಬಂದವರಿಂದ ಹೂವಿನವನಿಗೆ, ತೆಂಗಿನಕಾಯಿಯವಳಿಗೆ ನಾಲ್ಕು ಕಾಸು ಸಿಗುತ್ತದೆ. ಹೋದ ಮೇಲೆ ಉಳಿಯುವ ಕಸವನ್ನು ಊರಿನವರು ಬಳಿಯುತ್ತಾರೆ. ಕುಡ್ಲೆ, ಓಂ ಕಡಲತೀರಗಳಲ್ಲಿ ಭಾನುವಾರ ಸಂಜೆಯ ನಂತರ ನಡೆಯುವುದೂ ಇದೇ. ಒಂದು ಕಡೆ ನೊಂದುಕೊಳ್ಳುವವರು ಇನ್ನೊಂದು ಕಡೆ ಅದನ್ನೇ ಮಾಡುವುದು ಹೇಗೆ?

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: ನಾಲ್ಕು ಊರು ಸುತ್ತುವ ಬದಲು ಒಂದೇ ಊರಿನಲ್ಲಿ ನಾಲ್ಕು ದಿನ ಇರೋಣ. ದೇಗುಲದಲ್ಲಿ ಅಲ್ಲಿನ ರೀತಿಯನ್ನೂ, ಕಡಲಲ್ಲಿ ಜೀವರಕ್ಷಕರ ಸೀಟಿಯನ್ನೂ ಮನ್ನಿಸೋಣ. ಊಟ, ಉಪ್ಪು, ತರಕಾರಿಗಳನ್ನು ಅಲ್ಲಿಯವರಿಂದಲೇ ಕೊಳ್ಳೋಣ. ಊರು ಬದಲಾಗಿದೆಯೆಂದು ಹಳಹಳಿಸುವ ಮುನ್ನ, ಬದಲಾಗುವ ಹಕ್ಕು ಅದಕ್ಕೂ ಇದೆಯೆಂದು ಒಪ್ಪೋಣ. ಊರು ಬಿಟ್ಟು ಬಂದ ನಾವು ಆ ಹಕ್ಕನ್ನು ಎಂದೋ ಬಳಸಿಕೊಂಡಿದ್ದೇವೆ. ಮುಂದಿನ ಬಾರಿ ಹೋದಾಗ ‘ಮತ್ತೆ ಬಂದ್ರಾ?’ ಎಂದು ಒಬ್ಬರಾದರೂ ನಗುತ್ತ ಕೇಳಿದರೆ, ಹೊರನಾಡ ಕನ್ನಡಿಗರಿಗೆ ಅಷ್ಟು ನೆಂಟಸ್ತಿಕೆ ಸಾಕು.